ಹೆಗಲು ಗಂಟಿಗೆ ಎತ್ತಿನದೇ ರಕ್ತ: ನನ್ನ ಅನುಭವ

ಹಳ್ಳಿಕಾರ್ ಎತ್ತಿನ ಜೋಡಿಯಲ್ಲಿ ಒಂದಕ್ಕೆ ಹೆಗಲು ಗಂಟು (ನೊಗ ತಿಕ್ಕಿ ಹೆಗಲ ಮೇಲೆ ಕಟ್ಟುವ ಗಟ್ಟಿ ಗಡ್ಡೆ) ಬಿದ್ದರೂ ಬೂಕನಬೆಟ್ಟದ ಜಾತ್ರೆಯಲ್ಲಿ ಬೆಲೆ ಕುಸಿಯುತ್ತದೆ. ಚನ್ನರಾಯಪಟ್ಟಣದ ಕಡೆ ದನಗಳ ಚಿಕಿತ್ಸೆ ಮಾಡುವ ನಮಗೆಲ್ಲ ಇದು ಗೊತ್ತಿರುವುದೇ. ಅಯೋಡಿನ್ ಮುಲಾಮು ಹಚ್ಚುತ್ತೇವೆ, ಬಗ್ಗದಿದ್ದರೆ ಕೊಯ್ದು ತೆಗೆಯುತ್ತೇವೆ. ನೊಗ ಹೂಡಿದ ಸ್ವಲ್ಪ ದಿನಕ್ಕೇ ಅದೇ ಜಾಗ ಮತ್ತೆ ಗಟ್ಟಿ. ಎತ್ತಿನದೇ ರಕ್ತದಿಂದ ಪಿಆರ್‌ಪಿ (ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಜಾಸ್ತಿ ಇರುವ ಪ್ಲಾಸ್ಮಾ, ಅಂದರೆ ರಕ್ತದ ತಿಳಿ) ಮಾಡಿ ಹಾಕುತ್ತೇನೆ ಅಂದಾಗ, "ರೇಸ್ ಕುದುರೆಗಾದರೆ ಸರಿ, ಉಳುವ ಎತ್ತಿಗೆ ಯಾಕ್ರೀ ಸುಮ್ನೆ ದುಡ್ಡು ದಂಡ" ಅಂದರು ಜೊತೆಯವರು. ಈಗ ಅವರೇ ಕೇಸು ಕಳಿಸುತ್ತಾರೆ.

ಮೊದಲು ಕೈಕೊಟ್ಟಿದ್ದು ಸ್ಪಿನ್, ಅಂದರೆ ರಕ್ತವನ್ನು ಯಂತ್ರದಲ್ಲಿ ಜೋರಾಗಿ ತಿರುಗಿಸಿ ಪದರ ಬೇರ್ಪಡಿಸುವುದು. ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ಸೆಂಟ್ರಿಫ್ಯೂಜ್ ಹಿಡಿದೆ, ಒಂಬತ್ತೋ ಹತ್ತೋ ಸಾವಿರ. ಮನುಷ್ಯರ ರಕ್ತಕ್ಕೆ ಹೇಳುವ ನಿಧಾನದ ಸ್ಪಿನ್ ಕೊಟ್ಟರೆ ಮೇಲೆ ಪ್ಲಾಸ್ಮಾನೇ ನಿಲ್ಲಲಿಲ್ಲ. ದನದ ಕೆಂಪುಕಣ ನಾಣ್ಯ ಪೇರಿಸಿದ ಹಾಗೆ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ, ಅದಕ್ಕೇ ತಳಕ್ಕೆ ಇಳಿಯುವುದು ತೀರಾ ನಿಧಾನ. ವೇಗ ಜಾಸ್ತಿ ಮಾಡಿದರೆ ಪ್ಲೇಟ್‌ಲೆಟ್ಟೂ ಕೆಳಗೆ ಹೋಗುತ್ತದೆ. ಟ್ಯೂಬಿಗೇ ಮೂರು ನಾಲ್ಕು ಸಾವಿರ ಕರಗಿತು. ಕೊನೆಗೆ ಸಿಕ್ಕ ವೇಗ ಎಷ್ಟು, ಪಿಆರ್‌ಪಿ ಜೆಲ್ ಆಗಿ ಕಟ್ಟಲು ಕ್ಯಾಲ್ಸಿಯಂ ಎಷ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಶ್ರಮ. 50 ಎಂಎಲ್ ರಕ್ತಕ್ಕೆ ಸುಮಾರು 4-5 ಎಂಎಲ್ ಒಳ್ಳೆ ಪಿಆರ್‌ಪಿ ಸಿಗುತ್ತದೆ.

ಪಿಆರ್‌ಪಿಯನ್ನು ಗಟ್ಟಿ ಗಂಟಿನೊಳಗೇ ಚುಚ್ಚಿ ನೋಡಿದ ಎತ್ತುಗಳಲ್ಲಿ ಏನೂ ಕರಗಲಿಲ್ಲ. ಯಾಕೆ ಕರಗಬೇಕು ಹೇಳಿ? ಪ್ಲೇಟ್‌ಲೆಟ್ಟಿನಲ್ಲಿರುವ ಪಿಡಿಜಿಎಫ್ ಅನ್ನುವ ಬೆಳವಣಿಗೆಯ ಪ್ರೋಟೀನು ಫೈಬ್ರೋಬ್ಲಾಸ್ಟ್‌ಗಳನ್ನು (ಅಂಗಾಂಶ ಕಟ್ಟುವ ಕೋಶಗಳನ್ನು) ಗಾಯಕ್ಕೆ ಕರೆದು ಹೆಚ್ಚಿಸುತ್ತದೆ. ಟಿಜಿಎಫ್-ಬೀಟಾ ಅನ್ನುವ ಇನ್ನೊಂದು ಪ್ರೋಟೀನು ಅವುಗಳಿಂದ ಕೊಲಾಜನ್ (ಅಂಗಾಂಶದ ಗಟ್ಟಿ ನಾರು) ಹಾಕಿಸಿ, ಅವನ್ನೇ ಗಾಯ ಎಳೆದು ಮುಚ್ಚುವ ಮಯೋಫೈಬ್ರೋಬ್ಲಾಸ್ಟ್ ಕೋಶಗಳನ್ನಾಗಿ ಮಾಡುತ್ತದೆ. ಗಾಯ ಮುಚ್ಚಿದ ಮೇಲೆ ಈ ಕೋಶಗಳು ಸಾಯಬೇಕು. ಗಂಟಿನಲ್ಲಿ ಸಾಯುವುದಿಲ್ಲ, ಕೊಲಾಜನ್ ಪೇರುತ್ತಲೇ ಇರುತ್ತದೆ. ಇನ್ನೊಂದು ವಿಷಯ: ಟಿಜಿಎಫ್-ಬೀಟಾ ಅಂಗಾಂಶದಲ್ಲಿ ಬೀಗ ಹಾಕಿದ ಸ್ಥಿತಿಯಲ್ಲಿ ಕೂತಿರುತ್ತದೆ. ಕೋಶಗಳು ಎಳೆದಾಗ ಬಿಡುಗಡೆಯಾಗುತ್ತದೆ, ಗಟ್ಟಿ ಜಾಗದಲ್ಲಂತೂ ಇನ್ನೂ ಸುಲಭವಾಗಿ. ಅಂದರೆ ಗಂಟೇ ಗಂಟನ್ನು ಬೆಳೆಸುತ್ತದೆ, ನೊಗದ ತಿಕ್ಕಾಟ ಅದಕ್ಕೆ ಮೇವು ಹಾಕುತ್ತದೆ.

ಹಾಗಾಗಿ ಈಗ ಗಟ್ಟಿ ಭಾಗವನ್ನು ಚೂರೂ ಬಿಡದೆ ಕೊಯ್ಯುತ್ತೇನೆ. ರಕ್ತ ಜಿನುಗುವ ಮೆತ್ತನೆ ಮಾಂಸ ಕಂಡ ಮೇಲೇ ಜೆಲ್ ತುಂಬುವುದು. ವಾರ ಬಿಟ್ಟು ಇನ್ನೊಂದು ಸಲ. ಆಮೇಲೆ ಎರಡೂವರೆ ತಿಂಗಳು ನೊಗ ಮುಟ್ಟಿಸುವಂತಿಲ್ಲ.

ರೈತರಿಗೆ ಕಷ್ಟ ಆಗುವುದೇ ಇದು. ಟ್ರ್ಯಾಕ್ಟರ್ ಬಾಡಿಗೆ ಗಂಟೆಗೆ ಸಾವಿರದ ಮೇಲೆ, ಅಲ್ವಾ? ಅದಕ್ಕೆ ರಾಗಿ ಒಕ್ಕಣೆ ಮುಗಿದ ಮೇಲೆ ಕೇಸು ಹಿಡಿಯುತ್ತೇನೆ, ಮುಂಗಾರು ಉಳುಮೆವರೆಗೆ ಎತ್ತಿಗೆ ಬಿಡುವು. ಒಬ್ಬ ಯಜಮಾನರು ಮೂರು ವಾರಕ್ಕೇ ಗಾಡಿ ಕಟ್ಟಿದರು, ಗಂಟು ವಾಪಸ್ ಬಂತು. ಬಿಡುವು ಕೊಟ್ಟವರಲ್ಲಿ ಹತ್ತಕ್ಕೆ ಏಳೆಂಟು ಎತ್ತುಗಳ ಹೆಗಲು ಮುಂದಿನ ಜಾತ್ರೆಗೂ ಮೆತ್ತಗೇ ಇತ್ತು.

ಎಚ್ಎಫ್ (ಹಾಲಿನ ತಳಿ) ಹಸುಗಳ ಮೊಲೆ ತೊಟ್ಟಿನ ಗಾಯಕ್ಕೂ ಹಾಕಿದೆ. ಬೇಗ ಕೂಡಿತು, ಆದರೆ ಕರೆಯುವಾಗ ಜೆಲ್ ನಿಲ್ಲುವುದಿಲ್ಲ. ಚಿಕ್ಕಮಗಳೂರಿನ ಎಸ್ಟೇಟೊಂದರ ಕುದುರೆಗೆ ಮೊಣಕಾಲಿನ ಕೆಳಗೆ ಗಾಯವಾಗಿತ್ತು. ಅಲ್ಲಿ ಹಾಕಿದಾಗ ದುರ್ಮಾಂಸ ಉಬ್ಬಿ ಚರ್ಮದ ಮೇಲೆ ಬಂತು. ಕುದುರೆ ಕಾಲಿನಲ್ಲಿ ಟಿಜಿಎಫ್-ಬೀಟಾ ತಾನಾಗೇ ಜಾಸ್ತಿ ದಿನ ನಿಲ್ಲುತ್ತದೆ, ನಾವು ಇನ್ನಷ್ಟು ಸುರಿಯಬಾರದು.

ಒಂದು ಎತ್ತಿಗೆ ಪಿಆರ್‌ಪಿ ಖರ್ಚು ನಾನೂರು ಐನೂರು ರೂಪಾಯಿ. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್, ಟ್ಯೂಬ್, ಸೂಜಿ, ಡ್ರೆಸ್ಸಿಂಗ್ ಎಲ್ಲ ಸೇರಿ. ಯಂತ್ರದ ದುಡ್ಡು ಎರಡನೇ ವರ್ಷಕ್ಕೇ ವಾಪಸ್ ಬಂತು.