ಪಿಎಚ್.ಡಿ.ಗೆ ಹಣ ಎಲ್ಲಿಂದ ಬರುತ್ತದೆ? ಗಡಿನಾಡಿನ ವಿದ್ಯಾರ್ಥಿಗಳಿಗೊಂದು ದಾರಿ

"ಪಿಎಚ್.ಡಿ. ಮಾಡಿಸಲು ಎಷ್ಟು ಲಕ್ಷ ಬೇಕು ಮಾಷ್ಟ್ರೇ?" ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಮನೆಯೊಂದರಲ್ಲಿ ಅಡಕೆ ಸುಲಿಯುತ್ತ ಕುಳಿತಿದ್ದ ತಾಯಿಯೊಬ್ಬರು ಕೈ ನಿಲ್ಲಿಸದೆ ನನ್ನನ್ನು ಕೇಳಿದರು. ಮಗಳು ಕನ್ನಡ ಎಂ.ಎ.ಯಲ್ಲಿ ಒಳ್ಳೆಯ ಅಂಕ ಪಡೆದಿದ್ದಳು. ಎಂಜಿನಿಯರಿಂಗ್ ಸೀಟಿಗೆ ಸುರಿದಂತೆ ಇದಕ್ಕೂ ದುಡ್ಡು ಸುರಿಯಬೇಕು ಎಂದು ಮನೆಯವರು ನಂಬಿದ್ದರಿಂದ ಎರಡು ವರ್ಷ ಆಕೆ ಅರ್ಜಿಯನ್ನೇ ಹಾಕಿರಲಿಲ್ಲ. ವಾಸ್ತವದಲ್ಲಿ ಅರ್ಹತೆ ಪಡೆದ ಸಂಶೋಧಕರಿಗೆ ಸಾರ್ವಜನಿಕ ಹಣದಿಂದ ತಿಂಗಳು ತಿಂಗಳು ವೇತನ ಬರುತ್ತದೆ. ಇಷ್ಟು ಗೊತ್ತಿಲ್ಲದೆ ನಮ್ಮ ಮಕ್ಕಳು ಹಿಂದೆ ಉಳಿಯುವುದನ್ನು ಕಂಡು ಸಂಕಟಪಟ್ಟು ಇದನ್ನು ಬರೆಯುತ್ತಿದ್ದೇನೆ.

ಮೂರು ಬಗೆಯ ಹಣ

ವಿಶ್ವವಿದ್ಯಾಲಯಕ್ಕೆ ಮೊದಲನೆಯದಾಗಿ ಬರುವುದು ಸಂಸ್ಥೆ ನಡೆಸುವ ಹಣ. 2009ರ ಕಾಯ್ದೆಯಿಂದ ಹುಟ್ಟಿದ, ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅದು ಕೇಂದ್ರ ಸರಕಾರದಿಂದ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮೂಲಕ ಬರುತ್ತದೆ. 1996ರಲ್ಲಿ ಸ್ಥಾಪನೆಯಾದ ಕಣ್ಣೂರು ವಿಶ್ವವಿದ್ಯಾಲಯಕ್ಕೆ ಮುಖ್ಯವಾಗಿ ರಾಜ್ಯ ಸರಕಾರ ಕೊಡುತ್ತದೆ. ಅಧ್ಯಾಪಕರ ಸಂಬಳ, ಕಟ್ಟಡ, ಗ್ರಂಥಾಲಯ ಎಲ್ಲವೂ ಇದರಲ್ಲೇ ನಡೆಯಬೇಕು.

ಎರಡನೆಯದು ಯೋಜನೆಯ ಹಣ. ಅಧ್ಯಾಪಕರೊಬ್ಬರು ಒಂದು ವಿಷಯವನ್ನು ಹಿಡಿದು ಪ್ರಸ್ತಾವನೆ ಬರೆದು ಕಳುಹಿಸುತ್ತಾರೆ. ಸಮಾಜವಿಜ್ಞಾನವಾದರೆ 1969ರಿಂದ ಇರುವ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿಗೆ, ವಿಜ್ಞಾನವಾದರೆ 2023ರ ಕಾಯ್ದೆಯಂತೆ ರಚನೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ. ತಜ್ಞರು ಒಪ್ಪಿದರೆ ಉಪಕರಣ, ಪ್ರಯಾಣ, ಸಹಾಯಕರ ವೇತನ ಎಂದು ತಲೆಬರಹ ಹಾಕಿ ಹಣ ಮಂಜೂರಾಗುತ್ತದೆ. ವಿದ್ಯುತ್ತು, ಕಚೇರಿ, ಸ್ಥಳ ಒದಗಿಸುವ ವಿಶ್ವವಿದ್ಯಾಲಯಕ್ಕೂ ಅದರಲ್ಲಿ ಒಂದು ಪಾಲು ಇರುತ್ತದೆ. ಖರ್ಚಿನ ಬಳಕೆ ಪ್ರಮಾಣಪತ್ರ ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ.

ಮೂರನೆಯದು ಫೆಲೋಶಿಪ್. ಮೇಲೆ ಹೇಳಿದ ತಿಂಗಳ ವೇತನವಾಗಿ ಇದು ಸಂಶೋಧಕರ ಹೆಸರಿಗೇ ಬರುತ್ತದೆ. ನಿಮಗೆ ಮುಖ್ಯವಾದುದು ಇದು.

ಇಷ್ಟು ಹಣವನ್ನು ಇಷ್ಟು ವರ್ಷ ಏಕೆ ಕೊಡಬೇಕು ಎಂದು ಕೇಳುವವರು ಕಾಸರಗೋಡು ಪೇಟೆಯಿಂದ ಕೂಡ್ಲಿನ ಕಡೆಗೆ ಹೋಗಿ ನೋಡಬೇಕು. ಮದರಾಸು ಪ್ರಾಂತದ ಕಾಲದಲ್ಲಿ, 1916ರಲ್ಲಿ, ಇಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾಯಿತು. 1970ರಲ್ಲಿ ಅದು ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಎರಡು ತಳಿಗಳನ್ನು ಕೂಡಿಸಿ ಸಸಿ ಎಬ್ಬಿಸಿ, ಅದು ಫಲಕ್ಕೆ ಬಂದು, ಇಳುವರಿ ಸ್ಥಿರವಾಗಿದೆಯೇ ಎಂದು ತಿಳಿಯುವಷ್ಟರಲ್ಲಿ ಹತ್ತಾರು ವರ್ಷ ಕಳೆಯುತ್ತವೆ. ಒಬ್ಬರು ಆರಂಭಿಸಿದ ಪ್ರಯೋಗದ ಫಲವನ್ನು ಅವರು ನಿವೃತ್ತರಾದ ಮೇಲೆ ಇನ್ನೊಬ್ಬರು ಎಣಿಸುತ್ತಾರೆ. ಲೆಕ್ಕ ಇಡಲು ಬಲ್ಲ ಹೊಸಬರು ಸಿದ್ಧರಾಗಿರದಿದ್ದರೆ ಆ ಮರಗಳು ಬರೀ ಮರಗಳು.

ಮೊದಲ ಹೆಜ್ಜೆ: ಪ್ರಶ್ನೆ

"ಗಡಿನಾಡ ಕನ್ನಡ ಸಾಹಿತ್ಯ: ಒಂದು ಅಧ್ಯಯನ" ಎಂಬಂಥ ಶೀರ್ಷಿಕೆ ಹಿಡಿದು ಬರುವ ವಿದ್ಯಾರ್ಥಿಗಳನ್ನು ನಾನು ಮನೆಗೆ ಹಿಂದಿರುಗಿಸುತ್ತೇನೆ. ಅದು ಪ್ರಶ್ನೆಯಲ್ಲ, ಕಪಾಟಿನ ಮೇಲಿನ ಹಣೆಪಟ್ಟಿ. "ಕಾಸರಗೋಡಿನ ಜಲಮೂಲಗಳು" ಎಂಬುದೂ ಹಾಗೆಯೇ. ಬಾಯಾರು ಗ್ರಾಮದ ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳ ನೀರನ್ನೇ ನಂಬಿ ಬದುಕಿದ ಮನೆಗಳಿವೆ. ಕೊಳವೆಬಾವಿ ಬಂದ ಮೇಲೆ ಆ ಸುರಂಗಗಳ ನೀರು ಏನಾಯಿತು, ತೋಡಬಲ್ಲ ಕೈಗಳು ಎಷ್ಟು ಉಳಿದಿವೆ? ಇದು ಪ್ರಶ್ನೆ. ಇದಕ್ಕೆ ಹೋಗಬೇಕಾದ ಜಾಗವಿದೆ, ಅಳೆಯಬೇಕಾದ ವಸ್ತುವಿದೆ, ಮಾತಾಡಿಸಬೇಕಾದ ಹಿರಿಯರಿದ್ದಾರೆ.

ಪ್ರಶ್ನೆ ಹುಟ್ಟುವುದು ಊರಿನಲ್ಲೇ ಎಂಬುದಕ್ಕೆ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮಕ್ಕಿಂತ ದೊಡ್ಡ ಸಾಕ್ಷಿ ಬೇಡ. ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎರಡು ದಶಕ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ಮಕ್ಕಳ ಕಾಯಿಲೆಗೂ ಇದಕ್ಕೂ ಸಂಬಂಧವಿದೆಯೇ ಎಂದು ಮೊದಲು ಕೇಳಿದವರು ಅಲ್ಲಿನ ವೈದ್ಯ ಡಾ. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಮುಂತಾದ ಸ್ಥಳೀಯರು. ಸಂಶೋಧನಾ ಸಂಸ್ಥೆಗಳ ತಂಡಗಳು ಬಂದದ್ದು ಅನಂತರ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಆ ಹೊತ್ತಿಗೆ ಎಣ್ಮಕಜೆಯ ಮನೆಗಳಲ್ಲೇ ಹುಟ್ಟಿ, ಅಲ್ಲಿನ ತುಳು, ಕನ್ನಡ ಬಲ್ಲ ತರಬೇತಾದ ಸಂಶೋಧಕರು ನಾಲ್ಕು ಜನ ಇದ್ದಿದ್ದರೆ ದಾಖಲೆ ಎಷ್ಟು ಬೇಗ ಸಿದ್ಧವಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಎರಡನೆಯ ಹೆಜ್ಜೆ: ನೆಟ್

ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಾಗಿ ವರ್ಷಕ್ಕೆ ಎರಡು ಬಾರಿ ಯುಜಿಸಿ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ನಡೆಯುತ್ತದೆ. ಸ್ನಾತಕೋತ್ತರದಲ್ಲಿ ಶೇ. 55 ಅಂಕ ಬೇಕು. ಮೀಸಲಾತಿ ವರ್ಗಗಳಿಗೆ ಶೇ. 5ರ ವಿನಾಯಿತಿ ಇದೆ. ಎರಡನೆಯ ಪತ್ರಿಕೆಯನ್ನು ಕನ್ನಡ ವಿಷಯದಲ್ಲಿ ಕನ್ನಡದಲ್ಲೇ ಬರೆಯಬಹುದು, 200 ಅಂಕ. ನಮ್ಮ ಮಕ್ಕಳು ಎಡವುವುದು 100 ಅಂಕದ ಮೊದಲನೆಯ ಪತ್ರಿಕೆಯಲ್ಲಿ. ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಹತ್ತು ಘಟಕ, ಒಂದೊಂದರಿಂದ ಐದು ಪ್ರಶ್ನೆ. ಪಂಪ, ಕುಮಾರವ್ಯಾಸರನ್ನು ಓದುವ ಸಮಯದಲ್ಲಿ ಮೂರನೆಯ ಒಂದು ಪಾಲನ್ನಾದರೂ ತರ್ಕ, ದತ್ತಾಂಶ, ಬೋಧನೆಯ ಪ್ರಶ್ನೆಗಳಿಗೆ ಇಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ.

ನೆಟ್‌ನಲ್ಲಿ ಮೇಲಿನ ಅಂಕ ಪಡೆದವರಿಗೆ ಸಿಗುವ ಫೆಲೋಶಿಪ್ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್). ಅದಕ್ಕೆ ವಯಸ್ಸಿನ ಮಿತಿ 30. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ ಇನ್ನೂ ಐದು ವರ್ಷ ಸಿಗುತ್ತದೆ. ಪೆರ್ಲದ ಹುಡುಗಿಯ ಎರಡು ವರ್ಷ ಹೋದದ್ದು ಹೋಯಿತು, ಬಾಗಿಲು ಮುಚ್ಚಿಲ್ಲ. 2024ರ ಜೂನ್‌ನಿಂದ ನೆಟ್ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೂ ಪರಿಗಣಿಸಲಾಗುತ್ತಿದೆ. ಜೆಆರ್‌ಎಫ್ ಸಿಗದೆ ಉತ್ತೀರ್ಣರಾದವರಿಗೆ ನೆಟ್‌ಗೆ ಶೇ. 70, ಸಂದರ್ಶನಕ್ಕೆ ಶೇ. 30.

ಮಾರ್ಗದರ್ಶಕರನ್ನು ಹುಡುಕುವುದು

ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧಕರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಜಾಗ ಖಾಲಿ ಇದೆಯೇ ಎಂದು ಮೊದಲೇ ವಿಚಾರಿಸಿ. ಪೆರಿಯ ಇರಲಿ, ಗಡಿಯಾಚೆಯ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ಇರಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇರಲಿ, ಹೋಗುವ ಮೊದಲು ಅವರು ಬರೆದ ಎರಡು ಲೇಖನಗಳನ್ನಾದರೂ ಓದಿರಬೇಕು. ಹೆಸರಿಗಿಂತ, ಕರಡನ್ನು ಓದಿ ತಿದ್ದಿ ಹಿಂದಿರುಗಿಸುವವರೇ ಎಂಬುದು ದೊಡ್ಡದು. ಅವರ ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ ಅದು ಗೊತ್ತಾಗುತ್ತದೆ.

ಕೈಗೆ ಎಷ್ಟು, ಯಾವಾಗ

2023ರ ಜನವರಿಯಿಂದ ಜಾರಿಯಲ್ಲಿರುವ ದರದಂತೆ ಜೆಆರ್‌ಎಫ್ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಆಮೇಲೆ ಸಮಿತಿಯೊಂದು ಕೆಲಸವನ್ನು ಪರಿಶೀಲಿಸಿ ಒಪ್ಪಿದರೆ ಮೂರು ವರ್ಷ 42,000. ಕೂಡಿಸಿದರೆ ಐದು ವರ್ಷಕ್ಕೆ 24 ಲಕ್ಷ. ಮಾನವಿಕ ವಿಷಯಗಳಿಗೆ ಪುಸ್ತಕ, ಓಡಾಟ ಮುಂತಾದ ಖರ್ಚಿಗೆಂದು ಮೊದಲ ಎರಡು ವರ್ಷ 10,000ದಂತೆ, ಬಳಿಕ 20,500ರಂತೆ ವಾರ್ಷಿಕ ಮೊತ್ತವೂ ಇದೆ. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ.

ಜೆಆರ್‌ಎಫ್ ಇಲ್ಲದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ತಿಂಗಳಿಗೆ 8,000 ರೂಪಾಯಿ ಸಿಗುತ್ತದೆ. ಇಂದಿನ ಬೆಲೆಯಲ್ಲಿ ಇದು ಸಾಲದು, ಹೆಚ್ಚಿಸಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಕೊರಗ ಸಮುದಾಯದ ಮಕ್ಕಳಿಗೆ ಇದನ್ನು ಅವರ ಕಾಲೇಜಿನ ಅಧ್ಯಾಪಕರೇ ಕರೆದು ಹೇಳಬೇಕು.

ಈಗ ಬಹಳ ಮುಖ್ಯವಾದ ಮಾತು. ಪ್ರವೇಶ ಸಿಕ್ಕ ಮರುತಿಂಗಳೇ ಹಣ ಬರುತ್ತದೆಂದು ನಂಬಿ ಹೊರಡಬೇಡಿ. ನನ್ನ ಮೊದಲ ಕಂತು ಬಂದದ್ದು ಏಳನೆಯ ತಿಂಗಳಲ್ಲಿ. ಸೇರ್ಪಡೆಯ ವರದಿ ಕಚೇರಿಯೊಂದರ ಮೇಜಿನ ಮೇಲೆ ಕುಳಿತಿತ್ತು, ನಾನು ಗೆಳೆಯನ ಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆ. ಬಡವರ ಮನೆಯ ಮಕ್ಕಳು ಸಂಶೋಧನೆ ಬಿಟ್ಟು ಹೋಗುವುದು ಈ ತಿಂಗಳುಗಳಲ್ಲಿಯೇ. ಕನಿಷ್ಠ ಆರು ತಿಂಗಳ ಊಟ, ಬಾಡಿಗೆಯ ದಾರಿ ನೋಡಿಕೊಂಡು ಸೇರಿ. ಯಾರದಾದರೂ ಯೋಜನೆಯಲ್ಲಿ ಸಹಾಯಕರಾಗಿ ಕೆಲವು ತಿಂಗಳು ದುಡಿದು ಹೋಗುವುದು ಒಳ್ಳೆಯ ಉಪಾಯ. ಹಣದೊಡನೆ ಕೆಲಸದ ಪರಿಚಯವೂ ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ: ಕನ್ನಡದ ಹೆಸರನ್ನು ಮಲಯಾಳದ ಉಚ್ಚಾರದಂತೆ ಬರೆದು ಎಸ್ಸೆಸ್ಸೆಲ್ಸಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಆಗಿರುತ್ತದೆ. ಅರ್ಜಿ ಹಾಕುವ ಮೊದಲೇ ಅದನ್ನು ಸರಿಪಡಿಸಿ. ಒಂದು ಅಕ್ಷರಕ್ಕಾಗಿ ಹಣ ನಿಂತುಹೋಗಬಹುದು.

ಸೇರಿದ ಮೇಲೆ

ಮೊದಲು ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್: ಸಂಶೋಧನಾ ವಿಧಾನ, ಪ್ರಕಟಣೆಯ ನೀತಿ, ವಿಷಯದ ಓದು. ಉತ್ತೀರ್ಣರಾಗಲು ಶೇ. 55 ಬೇಕು. ಇದನ್ನು ಹಗುರವಾಗಿ ಕಾಣುವವರಿದ್ದಾರೆ, ಅದು ತಪ್ಪು. ಇನ್ನೊಬ್ಬರ ಮಾತನ್ನು ಹೇಗೆ ಉದ್ಧರಿಸಬೇಕು, ಸಂದರ್ಶನಕ್ಕೆ ಒಪ್ಪಿಗೆ ಹೇಗೆ ಪಡೆಯಬೇಕು ಎಂಬುದನ್ನು ಇಲ್ಲಿ ಕಲಿಯದವರು ಮಹಾಪ್ರಬಂಧದ ಹೊತ್ತಿಗೆ ಕೃತಿಚೌರ್ಯದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕು. ವಾರಕ್ಕೆ ನಾಲ್ಕರಿಂದ ಆರು ಗಂಟೆ ಪಾಠ ಮಾಡುವ ಅವಕಾಶವೂ ಬರಬಹುದು, ಬಿಡಬೇಡಿ.

ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಎರಡು ವರ್ಷ ವಿಸ್ತರಿಸಲು ಅವಕಾಶವಿದೆ, ಮಹಿಳೆಯರಿಗೆ ಇನ್ನೂ ಎರಡು. ಹೆರಿಗೆಗೆ 240 ದಿನಗಳವರೆಗೆ ರಜೆ ಇದೆ. ಮದುವೆಯಾದರೆ ಓದು ಮುಗಿಯಿತು ಎನ್ನುವ ಮನೆಗಳಲ್ಲಿ ಈ ನಿಯಮವನ್ನು ಓದಿ ಹೇಳಿ.

ಕೊನೆಗೆ ಮಹಾಪ್ರಬಂಧ ಇಬ್ಬರು ಹೊರಗಿನ ಪರೀಕ್ಷಕರ ಬಳಿಗೆ ಹೋಗಿ, ಬಹಿರಂಗ ಮೌಖಿಕ ಪರೀಕ್ಷೆ ನಡೆದು, ಅದರ ಒಂದು ಪ್ರತಿ ಮಹಾಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಸೇರುತ್ತದೆ. ಇನ್ನೊಂದು ಪ್ರತಿಯನ್ನು ನೀವು ಕ್ಷೇತ್ರಕಾರ್ಯ ಮಾಡಿದ ಊರಿನ ಗ್ರಂಥಾಲಯಕ್ಕೆ ಕೊಡಿ. ಬಾಯಾರಿನ ಸುರಂಗಗಳ ಬಗ್ಗೆ ಬರೆದಿದ್ದರೆ, ಟಾರ್ಚ್ ಹಿಡಿದು ನಿಮ್ಮನ್ನು ಒಳಗೆ ಕರೆದುಕೊಂಡು ಹೋದವರ ಮನೆಗೂ ಒಮ್ಮೆ ಹೋಗಿ, ಅವರ ಮಾತು ಬಂದಿರುವ ಪುಟಗಳನ್ನು ಓದಿ ಹೇಳಿ ಬನ್ನಿ.