ಡಬ್ಬಿಗೆ ಬೀಳಬೇಕಾದದ್ದು ಕಫ, ಎಂಜಲಲ್ಲ

ಶ್ವಾಸಕೋಶದಲ್ಲಿ ಸೋಂಕಿನ ಶಂಕೆ ಬಂದಾಗ ವೈದ್ಯರು ಕಫದ ‘ಕಲ್ಚರ್ ಮತ್ತು ಸೆನ್ಸಿಟಿವಿಟಿ’ ಪರೀಕ್ಷೆ ಬರೆಯುತ್ತಾರೆ. ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಡಬ್ಬಿಯಲ್ಲಿರುವುದು ಬರೀ ಎಂಜಲಾದರೆ ವರದಿ ಬಾಯಿಯ ಬ್ಯಾಕ್ಟೀರಿಯಾವನ್ನೇ ತೋರಿಸುತ್ತದೆ. ಅದನ್ನು ನಂಬಿ ಕೊಟ್ಟ ಔಷಧ ಎದೆಯ ಸೋಂಕಿಗೆ ನಾಟದೇ ಹೋಗಬಹುದು.

ಹಿಂದಿನ ದಿನವೇ ಲ್ಯಾಬಿನಿಂದ ಸ್ಟೆರೈಲ್ (ರೋಗಾಣುರಹಿತ) ಡಬ್ಬಿ ತಂದಿಡಿ. ಮನೆಯ ಬಾಟಲಿ ಎಷ್ಟು ತೊಳೆದರೂ ಬೇಡ. ಆ್ಯಂಟಿಬಯಾಟಿಕ್‌ನ ಮೊದಲ ಗುಳಿಗೆಗೆ ಮುನ್ನ ಮಾದರಿ ಕೊಡುವುದು ಉತ್ತಮ. ಆಗಲೇ ನುಂಗಿದ್ದರೆ ಅದರ ಹೆಸರನ್ನು ಚೀಟಿಯಲ್ಲಿ ಬರೆಸಿ. ಉಸಿರಾಟ ನಿಮಿಷಕ್ಕೆ 30 ದಾಟಿದ್ದರೆ, ಮಾತು ತಡವರಿಸುತ್ತಿದ್ದರೆ ಡಬ್ಬಿಗಾಗಿ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಬೆಳಿಗ್ಗೆ ಎದ್ದ ಕೂಡಲೇ, ಏನೂ ತಿನ್ನುವ ಮೊದಲು, ಹಲ್ಲಿನ ಸೆಟ್ ಇದ್ದರೆ ತೆಗೆದು ಬರೀ ನೀರಿನಿಂದ ಎರಡು ಮೂರು ಸಲ ಬಾಯಿ ಮುಕ್ಕಳಿಸಿ. ಮೌತ್‌ವಾಶ್ ಬೇಡ, ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕಿಟಕಿ ತೆರೆದು, ಮನೆಯವರನ್ನು ದೂರ ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು ಎದೆಯಾಳದಿಂದ ಕೆಮ್ಮಿ. 2ರಿಂದ 5 ಮಿ.ಲೀ. ಬೇಕು, ಹೆಚ್ಚೆಂದರೆ ಒಂದು ಟೀ ಚಮಚ. ನೊರೆನೊರೆಯಾಗಿ ತೆಳ್ಳಗಿದ್ದರೆ ಅದು ಎಂಜಲು, ಮತ್ತೆ ಕೆಮ್ಮಿ. ಕಫವೇ ಬರದಿದ್ದರೆ 3% ಉಪ್ಪುನೀರಿನ ನೆಬ್ಯುಲೈಸೇಶನ್ (ಮಂಜಿನಂತೆ ಮಾಡಿ ಉಸಿರಿನಲ್ಲಿ ಎಳೆಸುವುದು) ಆಸ್ಪತ್ರೆಯಲ್ಲೇ ಆಗಲಿ. ಆಸ್ತಮಾ ಇದ್ದವರಿಗೆ ಅದರಿಂದ ಉಸಿರು ಕಟ್ಟಬಹುದು.

ಮುಂಬೈಯಲ್ಲಿ ಕೆಲಸ ಕೆಡುವುದು ಮುಖ್ಯವಾಗಿ ಡಬ್ಬಿ ಕೊಟ್ಟ ಮೇಲೆ, ಸಾಗಣೆಯಲ್ಲಿ. ಪಕ್ಕದ ಡೊಂಬಿವಲಿಯ ಸಂಗ್ರಹ ಕೇಂದ್ರಕ್ಕೆ ಕೊಟ್ಟ ಡಬ್ಬಿ ಮುಖ್ಯ ಲ್ಯಾಬು ಸೇರುವಾಗ ಮಧ್ಯಾಹ್ನವಾಗಬಹುದು. ಕೆಮ್ಮಿ ತೆಗೆದ ಎರಡು ತಾಸಿನೊಳಗೆ ತಲುಪದಿದ್ದರೆ ನ್ಯುಮೊಕಾಕಸ್, ಹೀಮೊಫಿಲಸ್‌ನಂಥ ನಾಜೂಕಿನ ಬ್ಯಾಕ್ಟೀರಿಯಾಗಳು ಸಾಯಬಹುದು, ಬಾಯಿಯವು ಸೆಕೆಯಲ್ಲಿ ಹುಲುಸಾಗಿ ಬೆಳೆಯುತ್ತವೆ. ‘ಲ್ಯಾಬಿಗೆ ಎಷ್ಟು ಗಂಟೆಗೆ ತಲುಪುತ್ತದೆ?’ ಎಂದು ಕೌಂಟರಿನಲ್ಲೇ ಕೇಳಿ. ತಡವಾಗುವುದಾದರೆ ಐಸ್‌ಪ್ಯಾಕ್ ಇಟ್ಟ ಪೆಟ್ಟಿಯಲ್ಲಿ ಹೋಗಬೇಕು.

ವರದಿಗೆ ಸಾಮಾನ್ಯವಾಗಿ 48ರಿಂದ 72 ಗಂಟೆ. ಮೊದಲು ಗ್ರಾಮ್ ಸ್ಟೇನ್ (ಕಫಕ್ಕೆ ಬಣ್ಣ ಹಾಕಿ ನೋಡುವ ಪರೀಕ್ಷೆ) ಸಾಲು ನೋಡಿ: ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯ ಒಂದು ನೋಟದಲ್ಲಿ ಕೀವುಕಣ 25ಕ್ಕಿಂತ ಹೆಚ್ಚು, ಬಾಯಿಯ ಚರ್ಮಕೋಶ 10ಕ್ಕಿಂತ ಕಡಿಮೆ ಇದ್ದರೆ ಮಾದರಿ ಚೆನ್ನಾಗಿದೆ ಎಂದರ್ಥ. ‘ನಾರ್ಮಲ್ ಫ್ಲೋರಾ’ ಎಂದರೆ ಬಾಯಿ–ಗಂಟಲಿನಲ್ಲಿ ಸದಾ ಇರುವ ಬ್ಯಾಕ್ಟೀರಿಯಾ. ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದಿದೆ ಎಂದ ಮಾತ್ರಕ್ಕೆ ಹೆದರಬೇಡಿ, ಕಫದಲ್ಲಿ ಅದು ಸಾಮಾನ್ಯವಾಗಿ ರೋಗಕಾರಕವಲ್ಲ. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಎದುರು ‘ಇಎಸ್‌ಬಿಎಲ್’ ಎಂದಿದ್ದರೆ, ಸೆಫ್ಟ್ರಿಯಾಕ್ಸೋನ್‌ನಂಥ ಔಷಧವನ್ನು ಒಡೆದು ಹಾಕುವ ಕಿಣ್ವ ಅದರಲ್ಲಿದೆ. ‘ಎಸ್’ ಎಂದರೆ ಬಗ್ಗುತ್ತದೆ, ‘ಆರ್’ ಎಂದರೆ ಬಗ್ಗುವುದಿಲ್ಲ. ಆದರೆ ‘ಎಸ್’ ಕಂಡ ಔಷಧವನ್ನು ಮೆಡಿಕಲ್‌ನಲ್ಲಿ ನೀವೇ ಕೊಳ್ಳಬೇಡಿ. ಶ್ವಾಸಕೋಶಕ್ಕೆ ಎಷ್ಟು ತಲುಪುತ್ತದೆ, ಮೂತ್ರಪಿಂಡ ಅದನ್ನು ತಾಳಿಕೊಳ್ಳುತ್ತದೆಯೇ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ.

ಕೆಮ್ಮು ಎರಡು ವಾರ ದಾಟಿದ್ದರೆ ಕ್ಷಯದ ಪರೀಕ್ಷೆ ಬೇರೆಯೇ ಆಗಬೇಕು, ಈ ಕಲ್ಚರ್‌ನಲ್ಲಿ ಅದು ಸಿಗುವುದಿಲ್ಲ. ಪಾಲಿಕೆಯ ಆಸ್ಪತ್ರೆಗಳಲ್ಲಿ ಅದು ಉಚಿತ. ಅದಕ್ಕೂ ಮೊದಲು ಲೆವೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ನುಂಗಿದರೆ ಕ್ಷಯ ಕೆಲಕಾಲ ತಗ್ಗಿದಂತೆ ಕಂಡು, ಪತ್ತೆ ತಡವಾಗಬಹುದು.