ನೀರಿಲ್ಲದ ಸುಣ್ಣಕಲ್ಲಿನ ನಾಡಿನಲ್ಲಿ ಮೌಂಟನ್ ಬೈಕ್: ಲಾರ್ಜಾಕ್ ಸುತ್ತಿದ ನನ್ನ ಅನುಭವ

ಕೆಲಸದ ಮೇಲೆ ತುಲೂಸ್ ನಗರಕ್ಕೆ ಬಂದ ನಾಲ್ಕನೆಯ ವರ್ಷ, ಜೂನ್ ತಿಂಗಳ ಮೊದಲ ವಾರದಲ್ಲಿ ಮೂರು ದಿನ ರಜೆ ಹಾಕಿ, ದಕ್ಷಿಣ ಫ್ರಾನ್ಸಿನ ಲಾರ್ಜಾಕ್ ಪ್ರಸ್ಥಭೂಮಿಯನ್ನು ಮೌಂಟನ್ ಬೈಕಿನಲ್ಲಿ ಒಬ್ಬನೇ ಸುತ್ತಿದೆ. ಸೇಂತ್ ಯುಲಾಲಿ ಎಂಬ ಹಳ್ಳಿಯಿಂದ ಹೊರಟು ಲಾ ಕವಲ್ರೀ, ಲಾ ಕುವೆರ್ತ್ವಾರಾದ್, ಲ ವಿಯಾಲಾ ಮತ್ತು ರೋಕ್‌ಫೋರ್ ಊರುಗಳನ್ನು ಹಾದು ಮತ್ತೆ ಅಲ್ಲಿಗೇ ಮರಳುವಷ್ಟರಲ್ಲಿ ನನ್ನ ಮೀಟರು 131 ಕಿಲೋಮೀಟರ್ ತೋರಿಸಿತು. ದೂರದ ಲೆಕ್ಕದಲ್ಲಿ ಇದು ದೊಡ್ಡ ಸವಾರಿಯಲ್ಲ. ಆದರೆ ದೂರವನ್ನು ಲೆಕ್ಕ ಹಾಕಿ ನೀರನ್ನು ಲೆಕ್ಕ ಹಾಕದೆ ಹೊರಟದ್ದರಿಂದ ಮೊದಲ ದಿನವೇ ಪಾಡು ಪಟ್ಟೆ.

ಲಾರ್ಜಾಕ್ ಸುಮಾರು 1,000 ಚದರ ಕಿಲೋಮೀಟರ್ ಹರವಿನ, ಸಮುದ್ರಮಟ್ಟದಿಂದ 600 ರಿಂದ 900 ಮೀಟರ್ ಎತ್ತರದ ಸುಣ್ಣಕಲ್ಲಿನ ಹಾಸು. ಇಂಥ ಪ್ರಸ್ಥಭೂಮಿಗಳನ್ನು ಅಲ್ಲಿಯವರು 'ಕೋಸ್' ಎಂದು ಕರೆಯುತ್ತಾರೆ. ಮಳೆ ಚೆನ್ನಾಗಿಯೇ ಬೀಳುತ್ತದೆ, ಆದರೆ ಬಿದ್ದ ನೀರು ಬಿರುಕುಗಳಲ್ಲಿ ಇಳಿದು ನೆಲದಡಿ ಹರಿದು, ಪ್ರಸ್ಥಭೂಮಿಯ ಬುಡದ ಕಣಿವೆಗಳಲ್ಲಿ ಚಿಲುಮೆಯಾಗಿ ಹೊರಬರುತ್ತದೆ. ಮೇಲೆ ಹೊಳೆಯಿಲ್ಲ, ತೊರೆಯಿಲ್ಲ, ಕುರಿ ಮಾತ್ರ ಉಂಟು. ನನ್ನ ಊರು ಚಿತ್ರದುರ್ಗದ ಕಡೆಯದು. ಮಳೆನೀರು ಹಿಡಿದಿಡುವ ಹೊಂಡಗಳ ನಡುವೆ, ಕಲ್ಲಿನ ಕೋಟೆಯ ನೆರಳಿನಲ್ಲಿ ಬೆಳೆದವನಿಗೆ ಈ ನಾಡು ನಕ್ಷೆಯಲ್ಲಿ ಕಂಡಾಗಲೇ ಮನಸ್ಸಿಗೆ ಹತ್ತಿತು.

ಸೈಕಲ್ಲಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನನ್ನದು ಮುಂದೆ ಮಾತ್ರ ಸಸ್ಪೆನ್ಷನ್ ಇರುವ, 29 ಇಂಚಿನ ಚಕ್ರದ ಸಾಧಾರಣ ಬೈಕು; ಟೈರು 2.35 ಇಂಚು ಅಗಲದ ಟ್ಯೂಬ್‌ಲೆಸ್. ಲಾರ್ಜಾಕ್‌ನಲ್ಲಿ ಏರು ಬಹಳವಿಲ್ಲ, ಹಿಂದಿನ ಸಸ್ಪೆನ್ಷನ್ ಇಲ್ಲದೆಯೂ ನಡೆಯುತ್ತದೆ, ಆದರೆ ದಿನವಿಡೀ ಸಣ್ಣ ಕಲ್ಲುಗಳ ಮೇಲೆ ಕುಲುಕಾಡುವ ಸೊಂಟಕ್ಕೆ ಈ ಮಾತು ಒಪ್ಪಿಗೆಯಾಗಲಿಕ್ಕಿಲ್ಲ. ಎರಡು ರಾತ್ರಿಗೂ ನಡಿಗೆಯವರು ತಂಗುವ ಹಳ್ಳಿಯ ವಸತಿಗೃಹಗಳಲ್ಲಿ ಮೊದಲೇ ಹಾಸಿಗೆ ಕಾದಿರಿಸಿದ್ದರಿಂದ ಸೀಟಿನ ಹಿಂದಿನ ಚೀಲ ಹಗುರವಾಗಿಯೇ ಇತ್ತು. ದಾರಿ ತೋರಿಸಲು ಫೋನಿನಲ್ಲಿ ನಕ್ಷೆಯಿತ್ತು. ಅದಲ್ಲದೆ ಫ್ರಾನ್ಸಿನಲ್ಲಿ ಮೌಂಟನ್ ಬೈಕ್ ದಾರಿಗಳಿಗೆಂದೇ ಒಂದು ತ್ರಿಕೋನ, ಎರಡು ವೃತ್ತಗಳ ಗುರುತನ್ನು ಕಂಬಗಳಿಗೂ ಮರಗಳಿಗೂ ಹಾಕಿರುತ್ತಾರೆ. ತ್ರಿಕೋನದ ಮೊನೆ ಎತ್ತ ನೋಡುತ್ತದೆಯೋ ಅತ್ತ ಹೋಗುವುದು.

ಸೇಂತ್ ಯುಲಾಲಿ ಇರುವುದು ಪ್ರಸ್ಥಭೂಮಿಯ ಮೇಲಲ್ಲ, ಸೆರ್ನೋಂ ನದಿಯ ಕಣಿವೆಯಲ್ಲಿ. 12ನೆಯ ಶತಮಾನದ ನಡುವಿನಲ್ಲಿ ಇಲ್ಲಿಗೆ ಬಂದ ಟೆಂಪ್ಲರ್ ಪಂಥದ ಯೋಧ ಸನ್ಯಾಸಿಗಳು ಮೇಲಿನ ಬಯಲಿನಲ್ಲಿ ಕುರಿ, ಕುದುರೆ, ದವಸ ಬೆಳೆಸಿ, ಅದರ ಆದಾಯವನ್ನು ಪೂರ್ವದ ಧರ್ಮಯುದ್ಧಗಳಿಗೆ (ಕ್ರುಸೇಡ್) ಕಳಿಸುತ್ತಿದ್ದರು. ತಮ್ಮ ಮುಖ್ಯ ಠಾಣೆಯನ್ನು ಮಾತ್ರ ಕೆಳಗೆ ನೀರಿದ್ದ ಕಡೆ ಕಟ್ಟಿಕೊಂಡರು. ಆ ಜಾಣ್ಮೆಯ ಅರ್ಥ ನನಗೆ ಆದದ್ದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಊರ ಚೌಕದ ಕಾರಂಜಿಯ ಪಕ್ಕದಲ್ಲೇ ಕಾಫಿ ಕುಡಿದು, ಒಂದೂವರೆ ಲೀಟರ್ ಸಾಕೆಂದುಕೊಂಡು ಎರಡು ಬಾಟಲಿ ತುಂಬಿಸಿ ಏರು ಹತ್ತಿದೆ.

ಮೇಲೆ ಹತ್ತಿದ ಮೇಲೆ ದಾರಿ ಬೇರೆಯೇ ಆಯಿತು. ಎರಡೂ ಕಡೆ ಗಾರೆಯಿಲ್ಲದೆ ಪೇರಿಸಿದ ಮೊಣಕಾಲೆತ್ತರದ ಕಲ್ಲುಗೋಡೆ, ಅದರ ಸಂದುಗಳಿಂದ ಎದ್ದು ತಲೆಯ ಮೇಲೆ ಕಮಾನು ಕಟ್ಟಿದ ಬಾಕ್ಸ್ ಮರದ ಪೊದೆ, ನಡುವೆ ಶತಮಾನಗಳಿಂದ ಕುರಿಗಳು ತುಳಿದು ನುಣುಪಾದ ಕಲ್ಲು. ಆ ನೆರಳು ಮುಗಿದೊಡನೆ ಬಯಲು. ಜೂನ್ ಆರಂಭದಲ್ಲಿ ಅಲ್ಲಿ ಒಂದು ಬಗೆಯ ಹುಲ್ಲು ತೆನೆಬಿಟ್ಟಿರುತ್ತದೆ. ಗೇಣುದ್ದದ ಬೆಳ್ಳಿ ಎಳೆಗಳು ಗಾಳಿಗೆ ಒಟ್ಟಿಗೆ ಮಲಗಿ ಒಟ್ಟಿಗೆ ಏಳುವುದನ್ನು ನೋಡುತ್ತ ಹೋದರೆ ದಾರಿ ತಪ್ಪುವುದು ಖಂಡಿತ. ನಾನು ಎರಡು ಸಲ ತಪ್ಪಿದೆ.

ಟೈರು ಹರಿದದ್ದು ಲಾ ಕವಲ್ರೀ ದಾಟಿದ ಮೇಲೆ, ತಪ್ಪು ನನ್ನದೇ. ತುಲೂಸಿನ ಸುತ್ತಲಿನ ಮಣ್ಣುದಾರಿಗೆ ಒಗ್ಗಿದ 20 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಗಾಳಿಯನ್ನೇ ಇಲ್ಲಿಯೂ ಬಿಟ್ಟಿದ್ದೆ. ಗಾಳಿ ಕಡಿಮೆಯಿದ್ದಾಗ ಟೈರಿನ ಪಕ್ಕೆ ಹೊರಗೆ ಉಬ್ಬುತ್ತದೆ, ಸುಣ್ಣಕಲ್ಲಿನ ಅಂಚು ಆ ಪಕ್ಕೆಯನ್ನೇ ಹುಡುಕಿ ಕೊಯ್ಯುತ್ತದೆ. ಬೆರಳಗಲದ ಸೀಳಿನಿಂದ, ಸಣ್ಣ ತೂತು ಮುಚ್ಚಲೆಂದು ಟೈರಿನೊಳಗೆ ಹಾಕಿರುವ ಬಿಳಿ ದ್ರವ, ಸೀಲಂಟು, ಚಿಮ್ಮಿ ಕಾಲಿಗೆ ಹಾರಿತು, ಪ್ಲಗ್ ತೂರಿಸಿದರೆ ನಿಲ್ಲಲಿಲ್ಲ. ಕೊನೆಗೆ ಟೈರು ಬಿಚ್ಚಿ, ಖಾಲಿಯಾಗುತ್ತ ಬಂದಿದ್ದ ಟೂತ್‌ಪೇಸ್ಟ್ ಟ್ಯೂಬನ್ನು ಕತ್ತರಿಸಿ, ಒರೆಸಿ, ಎರಡು ಪದರ ಮಡಚಿ ಸೀಳಿನ ಒಳಗೆ ಒತ್ತಿಟ್ಟು, ಮೇಲೆ ಮಾಮೂಲಿ ರಬ್ಬರ್ ಟ್ಯೂಬ್ ಹಾಕಿ ಗಾಳಿ ತುಂಬಿದೆ. ಆ ತೇಪೆ ಮೂರನೆಯ ದಿನದವರೆಗೂ ಬಂತು. ಅಲ್ಲಿಂದ ಮುಂದೆ 26 ಕ್ಕಿಂತ ಕೆಳಗೆ ಇಳಿಸಲಿಲ್ಲ.

ಈ ರಿಪೇರಿಗೆ ಮುಕ್ಕಾಲು ಗಂಟೆ ಬಿಸಿಲಿನಲ್ಲಿ ಕಳೆದು, ಕೈ ತೊಳೆಯಲು ಒಂದಿಷ್ಟು ನೀರು ಸುರಿದ ಮೇಲೆ ಬಾಟಲಿಯಲ್ಲಿ ಎರಡು ಗುಟುಕು ಉಳಿಯಿತು. ನಕ್ಷೆಯಲ್ಲಿ ಕಂಡ ಹತ್ತಿರದ ನೀಲಿ ಚುಕ್ಕೆ ಕುರಿಗಳು ಕುಡಿಯುವ ಹೊಂಡ. ಫ್ರಾನ್ಸಿನಲ್ಲಿ ಸೈಕಲ್ ಹೊಡೆಯುವವರೆಲ್ಲ ಬಲ್ಲ ಒಂದು ಉಪಾಯವುಂಟು: ಯಾವ ಹಳ್ಳಿಯ ಸ್ಮಶಾನದಲ್ಲಾದರೂ ಹೂಗಿಡಗಳಿಗೆ ನೀರು ಹಾಕಲು ಒಂದು ನಲ್ಲಿ ಇರುತ್ತದೆ, ಕುಡಿಯಲು ಯೋಗ್ಯವಲ್ಲವೆಂಬ ಫಲಕ ಇಲ್ಲದಿದ್ದರೆ ತುಂಬಿಸಿಕೊಳ್ಳಬಹುದು. ನನಗೆ ಸ್ಮಶಾನವೂ ಸಿಗಲಿಲ್ಲ. ಸಿಕ್ಕಿದ್ದು ಒಂದು ತೋಟದ ಮನೆ. ಬಾಗಿಲು ತಟ್ಟಿದಾಗ ಬಂದ ವಯಸ್ಸಾದ ಹೆಂಗಸು ಮಾತಾಡದೆ ಎರಡೂ ಬಾಟಲಿ ಒಳಗೆ ಒಯ್ದು ತುಂಬಿಸಿ ತಂದರು. ಸೀಲಂಟು, ಧೂಳು ಮೆತ್ತಿದ್ದ ಚೈನಿನ ಮೇಲೂ ಸ್ವಲ್ಪ ನೀರು ಹಾಕಬಹುದೇ ಎಂದು ಕೇಳಿದೆ. "ಕುಡಿಯಲು ಎಷ್ಟು ಬೇಕೋ ತಗೊಳ್ಳಿ. ಸೈಕಲ್ಲಿಗೆ ಮಾತ್ರ ಬೇಡ," ಎಂದರು. ಮನೆಯ ಕಲ್ಲುಹಾಸಿನ ಮಾಡಿನಿಂದ ತೊಟ್ಟಿಗೆ ಇಳಿಯುವ ಮಳೆನೀರಿನ ದೋಣಿಯನ್ನು ಆಗ ಗಮನಿಸಿದೆ, ಕೇಳಿದ್ದಕ್ಕೆ ನಾಚಿಕೆಯಾಯಿತು.

ಆ ಸುತ್ತಿನಲ್ಲೇ ಲಾ ಬ್ಲಾಕಿಯೇರ್‌ನ ದೊಡ್ಡ ಕುರಿರೊಪ್ಪವಿದೆ. ಅದನ್ನು ನೋಡಲೆಂದೇ ದಾರಿ ಬಳಸಿ ಬಂದಿದ್ದೆ. 1971ರಲ್ಲಿ ಸರ್ಕಾರ ಇಲ್ಲಿಯ ಸೇನಾ ಶಿಬಿರವನ್ನು 3,000 ಹೆಕ್ಟೇರಿನಿಂದ 17,000 ಹೆಕ್ಟೇರಿಗೆ ಹಿಗ್ಗಿಸುವುದಾಗಿ ಘೋಷಿಸಿದಾಗ, 103 ರೈತರು ಜಮೀನು ಬಿಡುವುದಿಲ್ಲವೆಂದು 1972ರಲ್ಲಿ ಪ್ರಮಾಣ ಮಾಡಿದರು. ಅದೇ ವರ್ಷ ಲಾಂಜಾ ದೆಲ್ ವಾಸ್ತೋ ಲಾ ಕವಲ್ರೀಯಲ್ಲಿ ಉಪವಾಸ ಕೂತು ಅವರನ್ನು ಅಹಿಂಸೆಯ ದಾರಿಗೆ ತಂದರು. ಗಾಂಧೀಜಿಯವರನ್ನು ವಾರ್ಧಾದಲ್ಲಿ ಕಂಡು, ಅವರಿಂದ ಶಾಂತಿದಾಸ ಎಂಬ ಹೆಸರು ಪಡೆದು ಬಂದವರು ಅವರು. ರೈತರು ಕುರಿಗಳನ್ನು ಪ್ಯಾರಿಸ್‌ಗೆ ಒಯ್ದು ಐಫೆಲ್ ಗೋಪುರದ ಬುಡದಲ್ಲಿ ಮೇಯಿಸಿದರು. ಪರವಾನಗಿ ಇಲ್ಲದೆ, ಸ್ವಯಂಸೇವಕರ ಕೈಯಿಂದ, ಸೇನೆ ಕೇಳುತ್ತಿದ್ದ ನೆಲದಲ್ಲೇ ಈ ರೊಪ್ಪವನ್ನು ಕಟ್ಟಿಸಿದರು. 1981ರಲ್ಲಿ ಅಧ್ಯಕ್ಷರಾದ ಫ್ರಾಂಸ್ವಾ ಮಿತ್ತೆರಾಂ ಯೋಜನೆಯನ್ನು ಕೈಬಿಟ್ಟರು. ಚಳ್ಳಕೆರೆಯ ಅಮೃತಮಹಲ್ ಕಾವಲನ್ನು ರಕ್ಷಣಾ, ವಿಜ್ಞಾನ ಸಂಸ್ಥೆಗಳಿಗೆ ಹಂಚಿದಾಗ ನಮ್ಮ ಕುರಿಗಾಹಿಗಳು ಎತ್ತಿದ ದನಿಯನ್ನು ಬಲ್ಲ ನಾನು ಆ ಗೋಡೆಗೆ ಸೈಕಲ್ ಒರಗಿಸಿ ಸ್ವಲ್ಪ ಹೆಚ್ಚೇ ಹೊತ್ತು ನಿಂತೆ. ಹಳೆಯ ಸೇನಾ ಶಿಬಿರ ಈಗಲೂ ಇದೆ. ಎಚ್ಚರಿಕೆಯ ಫಲಕ ಕಂಡಲ್ಲಿ ಫೋನಿನ ನಕ್ಷೆ ಏನೇ ಹೇಳಲಿ, ಹಿಂದಿರುಗಬೇಕು.

ಸಂಜೆ ಲಾ ಕುವೆರ್ತ್ವಾರಾದ್ ಸೇರಿದೆ. ಟೆಂಪ್ಲರ್ ಪಂಥ 1312ರಲ್ಲಿ ರದ್ದಾದ ಮೇಲೆ ಅವರ ಆಸ್ತಿ ಹಾಸ್ಪಿಟಲರ್ ಎಂಬ ಇನ್ನೊಂದು ಯೋಧ ಸನ್ಯಾಸಿ ಪಂಥದವರ ಕೈಸೇರಿತು. ಊರನ್ನು ಸುತ್ತುವರಿದ ಗೋಡೆ, ಬುರುಜು ಅವರು 15ನೆಯ ಶತಮಾನದಲ್ಲಿ ಕಟ್ಟಿಸಿದ್ದು. ಮನೆಗಳ ಕೆಳಗೆ ಕಮಾನಿನ ಕುರಿದೊಡ್ಡಿ, ಮೇಲೆ ಜನ, ಹತ್ತಲು ಹೊರಗಿನ ಕಲ್ಲುಮೆಟ್ಟಿಲು. ಕೋಟೆಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಡೆಯ ಹೊರಗಿನ 'ಲಾವೋನ್ಯ್': ಮಳೆನೀರು ಇಂಗದಂತೆ ಜೇಡಿಮಣ್ಣಿನ ಮೇಲೆ ಕಲ್ಲು ಹಾಸಿ, ತಟ್ಟೆಯಂತೆ ನಿಧಾನವಾಗಿ ಇಳಿಜಾರು ಕೊಟ್ಟ ಕುರಿಗಳ ಹೊಂಡ. ಮಧ್ಯಾಹ್ನ ನಕ್ಷೆಯಲ್ಲಿ ನೋಡಿ ಆಸೆಪಟ್ಟ ನೀಲಿ ಚುಕ್ಕೆ ಇಂಥದ್ದೇ. ಕಲ್ಲಿನ ಸಂದಿನಲ್ಲಿ ಗೊರಸಿನ ಗುರುತು, ಹಸಿರುಗಟ್ಟಿದ ನೀರಿನ ಮೇಲೆ ಉಣ್ಣೆಯ ಎಳೆಗಳು ತೇಲುತ್ತಿದ್ದವು.

ಎರಡನೆಯ ದಿನ ಮೂರು ಲೀಟರ್ ಹೊತ್ತೆ. ಆ ದಿನದ ದಾರಿಯ ಬಗ್ಗೆ ಹೇಳುವುದು ಕಡಿಮೆ, ನಾಯಿಯ ಬಗ್ಗೆ ಮಾತ್ರ ಹೇಳಬೇಕು. ಮಂದೆ ಕಾಯುವ ದೊಡ್ಡ ಬಿಳಿ ನಾಯಿಯನ್ನು 'ಪಾತು' ಎನ್ನುತ್ತಾರೆ. ಅದು ಬೊಗಳುತ್ತ ಬಂದಾಗ ವೇಗವಾಗಿ ಪಾರಾಗಲು ನೋಡುವುದು ದೊಡ್ಡ ತಪ್ಪು. ನಾನು ಇಳಿದು, ಸೈಕಲ್ಲನ್ನು ನನಗೂ ಅದಕ್ಕೂ ನಡುವೆ ಇಟ್ಟುಕೊಂಡು, ಮಂದೆಯನ್ನು ದೂರದಿಂದ ಬಳಸಿ ನಡೆದೆ. ಅದು ನನ್ನ ಜೊತೆಗೇ ಇನ್ನೂರು ಮೀಟರ್ ಬಂದು ಹಿಂದಿರುಗಿತು. ಗೇಟುಗಳನ್ನು ತೆರೆದರೆ ಮುಚ್ಚಲೇಬೇಕು. ರಾತ್ರಿ ಲ ವಿಯಾಲಾದಲ್ಲಿ, ದವಸ ಇಡಲೂ ಅಡಗಿಕೊಳ್ಳಲೂ ಕಟ್ಟಿದ ಎತ್ತರದ ಗೋಪುರದ ಹತ್ತಿರ ತಂಗಿದೆ.

ಮೂರನೆಯ ದಿನ ರೋಕ್‌ಫೋರ್‌ಗೆ ಇಳಿತ. ಬಿರುಕುಬಿಟ್ಟ ಬಂಡೆಯೊಳಗಿಂದ ಬರುವ ತಂಪು, ತೇವದ ಗಾಳಿಯಲ್ಲಿ ಕುರಿಹಾಲಿನ ಚೀಸ್ ಮಾಗಿಸುವ ನೆಲಮಾಳಿಗೆಗಳಿಗೆ ಆ ಊರು ಹೆಸರಾದದ್ದು. ಮೇಲಿನ ಬಯಲಿನಲ್ಲಿ ಮೂರು ದಿನ ನೋಡಿದ ಕುರಿಗಳ ಹಾಲಿಗೂ ಕೊನೆಯ ನಿಲ್ದಾಣ ಇಂಥವೇ. ಉಪ್ಪುಪ್ಪಾದ ಚೀಸ್ ತಿಂದು, ಬಾಯಾರಿ, ಮಧ್ಯಾಹ್ನದ ಹೊತ್ತಿಗೆ ಸೇಂತ್ ಯುಲಾಲಿಯ ಕಾರಂಜಿಗೆ ಮರಳಿ ಹೊಟ್ಟೆ ತುಂಬ ನೀರು ಕುಡಿದೆ. ಸೈಕಲ್ಲನ್ನು ಬಿಳಿ ಧೂಳಿನ ಸಮೇತ ಹಾಗೆಯೇ ಕಾರಿಗೆ ಏರಿಸಿದೆ. ತೊಳೆದದ್ದು ತುಲೂಸಿನ ಮನೆಗೆ ಬಂದ ಮೇಲೆ.